ಶಂಶಾಬಾದಿಗೆ ಒಂಟಿ ಪಯಣ

ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಜನರಿಗೆ ಪ್ರಯಾಣವೆಂಬುದು ಹೊಸದೇನೂ ಅಲ್ಲ. ಗದ್ವಾಲವು ಸಿಕಂದರಾಬಾದ್–ಕರ್ನೂಲು ರೈಲುಹಾದಿಯ ಮೇಲಿದೆ. ಮಕ್ತಲ ಸೀಮೆಯ ಜಕ್ಲೇರ್–ಕೃಷ್ಣಾ ನಡುವಣ 37 ಕಿಲೋಮೀಟರಿನ ಹೊಸ ಮಾರ್ಗವು 2023ರ ಅಕ್ಟೋಬರ್ 1ರಂದು ಲೋಕಾರ್ಪಣೆಗೊಂಡಿತು. ಕೃಷ್ಣೆಯನ್ನು ದಾಟಿ ರಾಯಚೂರಿಗೆ ಹೋಗುವವರ ಮಾತಿನಲ್ಲಿ ಕನ್ನಡ, ತೆಲುಗುಗಳೆರಡೂ ಬೆರೆತಿರುತ್ತವೆ. ದಾರಿ ತಿಳಿಯದಿದ್ದರೆ ಪಕ್ಕದವರನ್ನು ಕೇಳಿದರಾಯಿತು.

ವಿಮಾನದ ಹಾದಿ ಹಾಗಲ್ಲ. 2008ರಿಂದ ಈ ಸೀಮೆಯವರಿಗೆ ಶಂಶಾಬಾದೇ ವಿಮಾನದ ಹೆಬ್ಬಾಗಿಲು. ಮಹಬೂಬನಗರದ ಕಡೆಯಿಂದ ಹೋಗುವವರಿಗೆ ಹೈದರಾಬಾದ್ ನಗರಕ್ಕಿಂತ ಮೊದಲೇ ಆ ಊರು ಸಿಗುವುದರಿಂದ ಅಲ್ಲಿಯವರೆಗೆ ಚಿಂತೆಯಿಲ್ಲ. ದಿಲ್ಲಿಯಲ್ಲಿರುವ ಮಗಳ ಬಾಣಂತನಕ್ಕೆಂದು ಮೊದಲ ಸಲ ಒಬ್ಬರೇ ಹೊರಟ ತಾಯಿಯೊಬ್ಬರನ್ನು ನೆನೆಯಿರಿ. ಕಳುಹಿಸಲು ಬಂದವರು ಬಾಗಿಲಿನ ಹೊರಗೇ ನಿಲ್ಲಬೇಕು. ಒಳಗೆ ಅವರ ಜೊತೆಗಿರುವುದು ಕೈಯಲ್ಲಿನ ಮೊಬೈಲ್ ಮಾತ್ರ. ಅದರ ಆ್ಯಪ್ ಇಂಗ್ಲಿಷಿನಲ್ಲಿ ಹತ್ತು ಸಂಗತಿಗಳನ್ನು ಒಟ್ಟಿಗೆ ಮುಂದಿಟ್ಟರೆ ಅವರು ಏನು ಮಾಡಿಯಾರು? ಅವರ ಅಂಜಿಕೆಯೆಲ್ಲ ಆಕಾಶದ್ದಲ್ಲ. ಬಹುಪಾಲು ‘ಮುಂದೇನು’ ಎಂಬುದು ತಿಳಿಯದ ಅಂಜಿಕೆ.

ಆದುದರಿಂದ ಇಂಥವರಿಗಾಗಿ ಆ್ಯಪ್ ರೂಪಿಸುವವರು ಒಂದು ತೆರೆಗೆ ಒಂದೇ ಮಾತನ್ನು, ದಪ್ಪ ಕನ್ನಡ ಅಕ್ಷರಗಳಲ್ಲಿ ಇಡಬೇಕು. ಓದಲು ಬಾರದವರಿಗೆ ಅದನ್ನೇ ದನಿಯಲ್ಲಿ ಹೇಳಬೇಕು. ಚೀಟಿ ಪಡೆಯುವುದು, ಪೆಟ್ಟಿಗೆ ಒಪ್ಪಿಸುವುದು, ತಪಾಸಣೆ, ಗೇಟು: ಗದ್ವಾಲದ ನೇಕಾರರು ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಎಳೆ ಎಳೆಯಾಗಿ ಕೂಡಿಸುವಂತೆ ಒಂದೊಂದು ಹಂತವೂ ಮುಂದಿನದಕ್ಕೆ ಕೂಡಿಕೊಳ್ಳಬೇಕು. ‘ಇದು ಮುಗಿಯಿತು, ತಾವು ಸರಿಯಾದ ಜಾಗದಲ್ಲಿದ್ದೀರಿ’ ಎಂಬ ಒಂದು ಮಾತು ಎಷ್ಟೋ ಧೈರ್ಯ ಕೊಡುತ್ತದೆ.

ಟಿಕೇಟಿನಲ್ಲಿ ಎದ್ದು ಕಾಣುವುದು ವಿಮಾನ ಹೊರಡುವ ವೇಳೆ. ಆದರೆ ದೇಶದೊಳಗಿನ ಪಯಣದಲ್ಲಿ ಪೆಟ್ಟಿಗೆ ಒಪ್ಪಿಸುವ ಕೌಂಟರು ಸಾಮಾನ್ಯವಾಗಿ ಅದಕ್ಕೆ 60 ನಿಮಿಷ ಮೊದಲೇ, ಗೇಟು 25 ನಿಮಿಷ ಮೊದಲೇ ಮುಚ್ಚುತ್ತದೆ. ಆ್ಯಪ್ ಎಣಿಸಿ ತೋರಿಸಬೇಕಾದುದು ಈ ವೇಳೆಗಳನ್ನೇ. ಗೇಟಿನ ಸಂಖ್ಯೆ ಬದಲಾದರೆ ಕೆಂಪು ದೀಪ ಮಿನುಗಿಸಿ ಗಾಬರಿಪಡಿಸದೆ, ಯಾವ ಕಡೆಗೆ ನಡೆಯಬೇಕು, ಇನ್ನೆಷ್ಟು ಹೊತ್ತಿದೆ ಎಂಬುದನ್ನು ತಿಳಿಸಿದರೆ ಸಾಕು. ಸಿಬ್ಬಂದಿಗೆ ತೋರಿಸಲು ‘ನನಗೆ ನೆರವು ಬೇಕು’ ಎಂಬ ಮಾತು ತೆಲುಗು, ಹಿಂದಿಗಳಲ್ಲಿಯೂ ಸಿದ್ಧವಿರಲಿ. ಇದೆಲ್ಲವೂ ಇಂಟರ್‌ನೆಟ್ ಇಲ್ಲದಾಗಲೂ ತೆರೆದುಕೊಳ್ಳುವಂತಿರಲಿ.

ಅಂಥ ಆ್ಯಪ್ ಕೈಸೇರುವವರೆಗೆ ಈ ಕ್ರಮವನ್ನೇ ಒಂದು ಕಾಗದದ ಮೇಲೆ ಕನ್ನಡದಲ್ಲಿ ಬರೆದು ಹಿರಿಯರ ಕೈಗಿಡುವುದು ಮನೆಯ ಮಕ್ಕಳ ಕೆಲಸ.