ಹಳೆಯ ಮನೆಯ ಸಾಮಾನು

ಕಂಪ್ಲಿಯಲ್ಲಿನ ನಮ್ಮ ಪೂರ್ವಿಕರ ಮನೆಯನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಳ್ಳಬೇಕಾದ ಪ್ರಸಂಗವು ಈಚೆಗೆ ಒದಗಿತು. ಹೊಲ ಹಿತ್ತಿಲುಗಳ ಪಾಲು ಅರ್ಧ ದಿನದಲ್ಲಿ ಮುಗಿಯಿತು. ಒಳಗಣ ಸಾಮಾನಿನ ಮುಂದೆ ಮಾತ್ರ ಮೂರು ದಿನ ಕುಳಿತೆವು.

ಬಳ್ಳಾರಿ ಸೀಮೆಯ ಮಾಳಿಗೆಮನೆಗಳಲ್ಲಿ ಮೇಜು ಕುರ್ಚಿಗಳಿಗೆ ಹೆಚ್ಚಿನ ಸ್ಥಾನವಿರಲಿಲ್ಲವೆಂಬುದನ್ನು ವಾಚಕರು ಬಲ್ಲರು. ಗೋಡೆಯ ಗೂಡೇ ಕಪಾಟು. ಜಂತಿಗೆ ಕಟ್ಟಿದ ನೆಲುವೇ ಬೆಕ್ಕಿಗೆ ನಿಲುಕದ ಹಾಲು ಮೊಸರಿನ ಭಂಡಾರ. ನೆಲದೊಳಗಣ ಹಗೇವೇ ಜೋಳದ ಕಣಜ. ಸವಳು ಮಣ್ಣು ಹೊದಿಸಿದ ಮಾಳಿಗೆಯು ಬೇಸಿಗೆಯಲ್ಲಿ ಮಲಗುವ ಕೋಣೆಯಾಗುತ್ತಿದ್ದಿತು. ಇವನ್ನು ಪಾಲು ಮಾಡುವುದೆಂತು? ಎತ್ತಿ ಒಯ್ಯಬಹುದಾದುವು ಸ್ವಲ್ಪವೇ: ಬೀಸುಕಲ್ಲು, ತೊಟ್ಟಿಲು, ಹಗ್ಗದ ಹೊರಸು, ಕಂಬಳಿ, ಕೌದಿ. (ಹೊರಸಿನ ಹಗ್ಗ ಸಡಿಲಾದರೆ ಮನೆಯವರೇ ಬಿಗಿಯಬಹುದು. ನನ್ನ ಸ್ಪ್ರಿಂಗಿನ ಮಂಚಕ್ಕೆ ಆ ಭಾಗ್ಯವಿಲ್ಲ.)

ಹಂಪಿಯ ಯಾತ್ರಿಕರಿಗೆ ಹಳೆಯ ವಸ್ತುಗಳನ್ನು ಮಾರುವ ವ್ಯಾಪಾರಿಯೊಬ್ಬನು ತಲೆಬಾಗಿಲಿಗೂ ಅಜ್ಜಿಯ ಕೌದಿಗೂ ಕೂಡಿಯೇ ಬೆಲೆ ಹೇಳಿದನು. ತಮ್ಮನಿಗೆ ಮಗಳ ಓದಿನ ಖರ್ಚು ತಲೆಯ ಮೇಲಿದ್ದಿತು. ಒಪ್ಪುವ ಮನಸ್ಸಾಗಿದ್ದುದು ಸಹಜವೇ. ಅವ್ವ ಅಲ್ಲಿಯವರೆಗೆ ಮಾತನಾಡಿರಲಿಲ್ಲ. “ಬಾಗಿಲು ಕೊಡ್ರಪ್ಪ, ಬಡಿಗ ಇನ್ನೊಂದು ಮಾಡ್ಯಾನು. ಕೌದಿಯೊಳಗ ನಿಮ್ಮಪ್ಪನ ಧೋತರ ಐತಿ” ಎಂದಳು.

ಹರಿದ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನೆಡೆಗೆ ಸಣ್ಣ ಹೊಲಿಗೆಯಿಂದ ಹಿಡಿಯುತ್ತ ಹೋಗುವುದೇ ಕೌದಿಯ ಕೆಲಸ. ನಮ್ಮ ಕೌದಿಯಲ್ಲಿ ಅಜ್ಜಿಯ ಇಳಕಲ್ಲ ಸೀರೆಯ ಕೆಂಪು, ಅಜ್ಜನ ರುಮಾಲು, ನಾವು ಮೂವರೂ ಹಾಕಿಕೊಂಡ ಕುಲಾವಿಯ ತುಂಡು ಇರುವುವು. ಹೊದೆದವರೆಲ್ಲರೂ ತಮ್ಮ ತುಂಡನ್ನು ಹುಡುಕಿಯೇ ನಿದ್ರೆ ಹೋಗುತ್ತಿದ್ದರು.

ಕೈಹೊಲಿಗೆಯನ್ನು ಮಾರಬಾರದೆಂದು ನಾನು ಹೇಳುವವನಲ್ಲ. ಸಂಡೂರಿನ ಲಂಬಾಣಿ ಸ್ತ್ರೀಯರ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಮನ್ನಣೆ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಯ ಕಾಲಕ್ಕೆ ಅವರ 1,755 ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯಾಯಿತು. ಅದು ಅವರ ಜೀವನೋಪಾಯ, ಬೆಲೆ ಬರಲೇಬೇಕು. ಆದರೆ ಅಜ್ಜಿ ಹೊಲಿದುದು ಮಾರುವುದಕ್ಕಲ್ಲ.

ಬಾಗಿಲು ಹೋಯಿತು, ಹಣವೆಲ್ಲವೂ ತಮ್ಮನ ಮಗಳ ಓದಿಗೆ ಸಂದಿತು. ಅತ್ತಿಗೆಯವರು ತೊಟ್ಟಿಲನ್ನು ಒಯ್ದರು. ಕೌದಿಯು ಅವ್ವನೊಡನೆ ಹೊಸಪೇಟೆಯ ನಮ್ಮ ಮನೆಗೆ ಬಂದಿರುವುದು. ಅದರ ಒಂದು ಮೂಲೆ ಬಿಚ್ಚಿಕೊಂಡಿದೆ. ತೇಪೆಗಾಗಿ ಹತ್ತಿಯ ಹಳೆಯ ಸೀರೆ ಬೇಕೆಂದು ಅವ್ವ ನಾಲ್ಕು ದಿನದಿಂದ ಕೇಳುತ್ತಿರುವಳು. ನಮ್ಮ ಬೀರುವಿನಲ್ಲಿರುವುದೆಲ್ಲವೂ ನೈಲಾನು.