ಕೂಗಿದ್ರೆ ಕೇಳುತ್ತಾ?

ಡಿಸೆಂಬರ್ 10, 2023, ಭಾನುವಾರ. ಅತ್ತಿಗುಂಡಿ

ಕಾಫಿ ಹಣ್ಣು ಕೊಯ್ಲಿಗೆಂದು ರಜೆ ಹಾಕಿ ಬಂದವಳು ಕಣದ ಕಡೆ ಕಾಲಿಡಲೂ ಆಗಲಿಲ್ಲ. ಪಕ್ಕದ ಮನೆ ಅಜ್ಜಿ ಬೆಳಿಗ್ಗೆ ತೋಟದ ಇಳಿಜಾರಿನಲ್ಲಿ ಜಾರಿ, ಸೊಂಟದ ಹತ್ತಿರ ತೊಡೆಮೂಳೆ ಮುರಿದುಕೊಂಡರು. ಕೈಮರ ದಾಟಿ ಚಿಕ್ಕಮಗಳೂರಿಗೆ ಇಳಿಯುವಾಗ ಒಂದೊಂದು ತಿರುವಿಗೂ ನನ್ನ ಕೈ ಹಿಂಡುತ್ತಿದ್ದರು. ವಯಸ್ಸು 72. ಎದೆಯಲ್ಲಿ ಸ್ಟೆಂಟ್ ಇದೆ, ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆ. ಹಾಗಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮರಗಟ್ಟಿಸುವಂತಿಲ್ಲ. ಮಾತ್ರೆಯ ಪ್ರಭಾವ ಇಳಿಯಲೆಂದು ವಾರ ಕಾದರೆ ಮಲಗಿದಲ್ಲೇ ನ್ಯುಮೋನಿಯಾ ಹಿಡಿದೀತು. ಪೂರ್ತಿ ಮತ್ತು ಬರಿಸಿಯೇ ರಾಡ್ ಹಾಕಬೇಕು. ಮತ್ತು ಕೊಡುವ ವೈದ್ಯೆ ನಾನೇ.

ಸಂಜೆ ನಾನು ಹೊರಟಾಗ ಕೇಳಿದರು: "ಮಧ್ಯದಲ್ಲಿ ಎಚ್ಚರ ಆದ್ರೆ ಏನ್ ಮಾಡ್ಲಿ ಮಗಾ? ಕೂಗಿದ್ರೆ ನಿಂಗೆ ಕೇಳುತ್ತಾ?"

ಕೇಳುವುದಿಲ್ಲ. ಸ್ನಾಯು ಸಡಿಲಿಸುವ ಔಷಧಿ ಹೋದ ಮೇಲೆ ರೆಪ್ಪೆ ಅಲುಗಿಸಲೂ ಆಗದು. ಅದನ್ನು ಹೇಳಲಾಗಲಿಲ್ಲ. "ತಲೆ ಹತ್ರಾನೇ ಕೂತಿರ್ತೀನಿ ಅಜ್ಜಿ" ಎಂದೆ.

ಡಿಸೆಂಬರ್ 11, ಸೋಮವಾರ ರಾತ್ರಿ. ಚಿಕ್ಕಮಗಳೂರು

ನಿದ್ದೆ ಹತ್ತುತ್ತಿಲ್ಲ. ಕಲಿಯುತ್ತಿದ್ದ ದಿನಗಳ ಆ ಹೆಂಗಸು ಕಣ್ಣ ಮುಂದೆ ಬರುತ್ತಾಳೆ. ಅವಳ ಆಪರೇಷನ್ನಿನ ನಡುವೆ ಮತ್ತಿನ ಆವಿ ಬಿಡುವ ವೇಪರೈಸರ್‌ನಲ್ಲಿ ಔಷಧಿ ತಳ ಕಂಡದ್ದನ್ನು ನಾನು ಗಮನಿಸಲಿಲ್ಲ. ನಾಡಿ ಏರಿತು. ನೋವಿರಬೇಕೆಂದು ನೋವಿನ ಇಂಜೆಕ್ಷನ್ ಕೊಟ್ಟೆ, ನಾಡಿ ಇಳಿಯಿತು, ಸಮಾಧಾನವಾಯಿತು. ವೇಪರೈಸರ್‌ನ ಗಾಜಿನ ಕಿಂಡಿಯತ್ತ ಕಣ್ಣು ಹೋದದ್ದು ಎಷ್ಟೋ ಹೊತ್ತಿನ ಮೇಲೆ. ಒಂಬತ್ತನೇ ದಿನ ಹೊಲಿಗೆ ಬಿಚ್ಚಿಸಲು ಬಂದವಳು, ಅಂದು ಸರ್ಜನ್ ಮಗಳ ಮದುವೆ ಛತ್ರದ ಬಗ್ಗೆ ಆಡಿದ ಮಾತನ್ನು ಹಾಗೇ ಒಪ್ಪಿಸಿದಳು. ಬೈಯಲಿಲ್ಲ. "ಕೈ ಎತ್ಬೇಕು ಅಂದ್ಕೊಂಡೆ, ಆಗ್ಲಿಲ್ಲ" ಎಂದಳು.

ನಾಡಿಯೊಂದನ್ನೇ ನಂಬಿದ್ದು ನನ್ನ ತಪ್ಪು. ಹೈದರಾಬಾದಿನ ಕ್ಲೋರೋಫಾರ್ಮ್ ಕಮಿಷನ್‌ಗಳು ಇದಕ್ಕೆ ತಿರುಗುಮುರುಗಾಗಿ ಎಡವಿದವು. ಉಸಿರೊಂದನ್ನು ನೋಡಿದರೆ ಸಾಕು, ನಾಡಿಯ ಗೊಡವೆ ಬೇಡ ಎಂದು 1888, 1889ರಲ್ಲಿ ಸಾರಿದವು. ಮತ್ತು ತೆಳುವಾಗಿರುವಾಗಲೇ ಕ್ಲೋರೋಫಾರ್ಮ್ ಹೃದಯದ ಲಯ ಕೆಡಿಸಿ ನಿಲ್ಲಿಸಬಲ್ಲದು ಎಂದು ಲೆವಿ ಎಂಬ ವೈದ್ಯ ತೋರಿಸಿಕೊಟ್ಟದ್ದು 1911ರಲ್ಲಿ.

ನಾಳೆಯ ಲೆಕ್ಕ ಬರೆದಿಡುತ್ತೇನೆ. ಬ್ಲೇಡ್ ತಾಗಿದಾಗ ಅರ್ಧದಷ್ಟು ಜನ ಮಿಸುಕದಿರಲು ಬೇಕಾದ ಆವಿಯ ಪ್ರಮಾಣ ಒಂದು ಮ್ಯಾಕ್. ನಾಳೆ ಬಳಸುವ ಮತ್ತಿನ ಆವಿ ಸೆವೋಫ್ಲುರೇನ್‌ಗೆ ನಡುವಯಸ್ಸಿನಲ್ಲಿ ಅದು ಶೇ. 1.8ರ ಹತ್ತಿರ. ನಲವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ. 6ರಷ್ಟು ಇಳಿಯುತ್ತದೆ. ಅಜ್ಜಿಗೆ 1.5ರ ಆಸುಪಾಸು.

ಇನ್ನು ನಮ್ಮ ಎತ್ತರ. ಈ ಊರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ. ಗಾಳಿಯ ಒತ್ತಡ ಮಂಗಳೂರಿನ 760 ಮಿಲಿಮೀಟರ್ ಪಾದರಸವಲ್ಲ, 670ರ ಹತ್ತಿರ. ಮಿದುಳನ್ನು ಮಲಗಿಸುವುದು ಶೇಕಡಾ ಅಂಕಿಯಲ್ಲ, ಆವಿಯ ಒತ್ತಡ. ಸೆವೋ ಡಯಲ್ ಇಲ್ಲಿ 2ಕ್ಕಿಟ್ಟರೆ 2.3ರಷ್ಟು ಹೊರಡುತ್ತದೆ, ಒತ್ತಡ ಮಾತ್ರ ಕಡಲತೀರದಲ್ಲಿ ಇದ್ದಷ್ಟೇ. ಹಾಗಾಗಿ ಡಯಲ್ ಬದಲಿಸಬೇಕಿಲ್ಲ. (ಡೆಸ್‌ಫ್ಲುರೇನ್ ಆಗಿದ್ದರೆ ಏರಿಸಬೇಕಿತ್ತು. ಅದರ ಕಾಯಿಸುವ ವೇಪರೈಸರ್ ಶೇಕಡಾ ಅಂಕಿಯನ್ನೇ ಹಿಡಿದು ಕೂರುತ್ತದೆ.) ಮೋಸಹೋಗುವುದು ಪರದೆಯ ಮುಂದೆ. ನಮ್ಮ ಮಾನಿಟರ್ ಮ್ಯಾಕ್ ಲೆಕ್ಕ ಹಾಕುವುದು ಸಮುದ್ರಮಟ್ಟಕ್ಕೆ. ಅದು 0.7 ಎಂದು ತೋರಿಸುವಾಗ ಮಲಗಿದವರಿಗೆ ಸಿಗುತ್ತಿರುವುದು 0.6. ನಿಜಕ್ಕೂ 0.7 ಸಿಗಬೇಕಾದರೆ ಅಲಾರಂ 0.8ಕ್ಕೆ ಇಡಬೇಕು.

ಡಿಸೆಂಬರ್ 12, ಮಂಗಳವಾರ

ಮತ್ತು ಹತ್ತಿ ಐದು ನಿಮಿಷಕ್ಕೆ ಮೇಲಿನ ಬಿಪಿ 84. ಇಂಥ ಹೊತ್ತಿನಲ್ಲಿ ಕೈ ತಾನಾಗಿ ಡಯಲ್ ಕಡೆ ಹೋಗುತ್ತದೆ. ಬಿಪಿ ಬಿದ್ದ ಭಯಕ್ಕೆ ಗ್ಯಾಸ್ ಕಡಿಮೆ ಮಾಡಿ, ಆಮೇಲೆ ಮರೆತು, ಎಷ್ಟು ಜನರನ್ನು ಒಳಗೊಳಗೇ ಎಬ್ಬಿಸಿದ್ದೇವೋ. ಮೊದಲು ಮತ್ತಿನ ಆಳ ಹೇಳುವ, ಹಣೆಯ ಪಟ್ಟಿಯ ಬಿಸ್ ಅಂಕಿ ನೋಡಿದೆ. 40ರಿಂದ 60ರೊಳಗೆ ಇರಬೇಕಾದದ್ದು 31. ಮತ್ತಿನ ಆಳ ಹೆಚ್ಚಾಗಿತ್ತು, ನಿಜ. ಬಿಪಿಗೆ ಫೆನಿಲೆಫ್ರಿನ್ ಕೊಟ್ಟು, ಸೆವೋ 1.8ರಿಂದ 1.3ಕ್ಕೆ ಇಳಿಸಿದೆ. ತೂಬು ತಗ್ಗಿಸಿದ ಕೂಡಲೇ ಕೊನೆಯ ಗದ್ದೆಯ ನೀರು ಇಳಿಯುವುದಿಲ್ಲ. ಆಕ್ಸಿಜನ್, ಗಾಳಿ ಎರಡನ್ನೂ ಸ್ವಲ್ಪ ಹೊತ್ತು ಜೋರಾಗಿ ಬಿಟ್ಟು, ಅಜ್ಜಿ ಹೊರಬಿಡುವ ಉಸಿರಿನ ಕೊನೆಯ ಅಂಕಿ ಇಳಿಯುವುದನ್ನು ಕಾದೆ. ಪರದೆಯಲ್ಲಿ ಮ್ಯಾಕ್ 0.9ಕ್ಕೆ ನಿಂತಿತು. ಬಿಸ್ 46.

ರಾಡ್ ಬಡಿಯುವ ಮುಂಚೆ ಹೇಳಿ ಎಂದು ಸರ್ಜನ್ನರನ್ನು ಕೇಳಿಕೊಂಡಿದ್ದೆ. ಹೇಳಿದರು. ನೋವಿಗೆ ಫೆಂಟನಿಲ್ ಮೊದಲೇ ಕೊಟ್ಟೆ. ಆದರೂ ನಾಡಿ 68ರಿಂದ 92, ಬಿಸ್ 58. ಹಣೆಯ ಸ್ನಾಯು ಮಿಡಿದರೂ ಬಿಸ್ ಏರುತ್ತದೆ, ಆದರೆ ಸ್ನಾಯುವಿನದೆಂದು ತಳ್ಳಿಹಾಕುವ ಧೈರ್ಯ ನನಗಿಲ್ಲ. ಸೆವೋ 1.6ಕ್ಕೆ ಏರಿಸಿದೆ. ಕಿಂಡಿಯಲ್ಲಿ ಔಷಧಿ ಅರ್ಧಕ್ಕಿಂತ ಮೇಲಿತ್ತು. ರೆಪ್ಪೆಯ ಮೇಲಿನ ಪ್ಲಾಸ್ಟರ್ ಎತ್ತಿ, ಕಣ್ಣೀರಿದೆಯೇ ಎಂದು ಅಜ್ಜಿಯ ಕಣ್ಣಂಚು ಮುಟ್ಟಿದೆ. ಒಣಗಿತ್ತು.

ಡಿಸೆಂಬರ್ 14, ಗುರುವಾರ

ವಾರ್ಡಿನಲ್ಲಿ ಕೇಳಿದೆ: ನಿದ್ದೆಗೆ ಮುಂಚೆ ಕೊನೆಗೆ ನೆನಪಿರೋದು ಏನಜ್ಜಿ?

"ನಿನ್ನ ಕೈ. ತಣ್ಣಗಿತ್ತು."

ಎದ್ದ ಮೇಲೆ ಮೊದಲು?

"ಯಾರೋ ಉಸಿರು ತಗೊಳ್ಳಮ್ಮ ಅಂದ್ರು."

ಇವೆರಡರ ನಡುವೆ ಏನಾದ್ರೂ? ಕನಸು?

"ಏನಿಲ್ಲ. ಕಣಕ್ಕೆ ಹಣ್ಣು ಬಂತಾ?"

ಮುಂದಿನ ಗುರುವಾರ ಮತ್ತೆ ಕೇಳಬೇಕು. ಆ ಹೆಂಗಸು ಬಾಯಿ ಬಿಟ್ಟದ್ದು ಒಂಬತ್ತನೇ ದಿನ.