ಗಾಳದ ತುದಿಯ ಸುಮ್ಮನೆಗಾರಿಕೆ

ಸೇತುವೆ ಮೇಲಿಂದ ನೋಡುವವರಿಗೆ ಕಾವೇರಿ ಒಂದೇ. ದಂಡೆಯಲ್ಲಿ ಗಾಳ ಹಿಡಿದು ಕೂತವರಿಗೆ ಮಾತ್ರ ಅದು ಮಡು, ಸುಳಿ, ಹಾಸುಬಂಡೆ, ಹೊಳೆಮತ್ತಿಯ ನೆರಳಡಿ ತಂಗಿದ ನೀರು ಎಂದೆಲ್ಲ ಹಲವಾಗುತ್ತದೆ. ‘ಇಲ್ಲಿ ಕಚ್ಚಲ್ಲ, ಆ ಬಂಡೆ ಮಗ್ಗುಲಿಗೆ ಹಾಕಿ’ ಎನ್ನುವ ಹರಿಗೋಲಿನವನ ಕಣ್ಣಿಗೆ ಕಾಣುವುದು ನಮಗೆ ಕಾಣದು. ಎಷ್ಟೋ ಮಳೆಗಾಲಗಳ ಏರಿಳಿತ ನೋಡಿದ ಕಣ್ಣು ಅದು.

ಶಿವನಸಮುದ್ರದಲ್ಲಿ ಧುಮುಕಿದ ಹೊಳೆ ಮೇಕೆದಾಟಿನ ಇಕ್ಕಟ್ಟಿಗೆ ಸಿಕ್ಕುವ ಮುನ್ನ ಕಾಡಿನ ನಡುವೆ ಹರಿಯುತ್ತದಲ್ಲ, ನನ್ನ ಮನಸ್ಸು ಸದಾ ಅಲ್ಲೇ. ದೊಡ್ಡಮಾಕಳಿ, ಭೀಮೇಶ್ವರಿ, ಗಾಳಿಬೋರೆ. ಒಂದು ಕಾಲಕ್ಕೆ ದೂರದೇಶಗಳಿಂದ ಜನ ಬಂದು ಈ ಬಂಡೆಗಳ ಮೇಲೆ ದಿನಗಟ್ಟಲೆ ಕೂರುತ್ತಿದ್ದರು, ಮಶೀರ್‌ಗಾಗಿ. ಇಲ್ಲಿನವರು ಅದನ್ನು ಬಿಳಿಮೀನು ಎನ್ನುತ್ತಾರೆ. ಅದರ ಗಾಳಕ್ಕೆ ಸಿಕ್ಕಿಸುತ್ತಿದ್ದದ್ದು ರಾಗಿ! ಹಿಟ್ಟು ಬೇಯಿಸಿ, ಗಟ್ಟಿಯಾಗಿ ನಾದಿ, ಕಟ್ಟಿದ ಉಂಡೆ. ಮಂಡ್ಯದ ಸೀಮೆಯಲ್ಲಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಮಶೀರ್‌ನ ದವಡೆಯಲ್ಲೂ ಹಲ್ಲಿಲ್ಲ, ಹಲ್ಲಿರುವುದು ಗಂಟಲೊಳಗೆ. ಊರಿನವರೂ ಹೊಳೆಯವರೂ ಒಂದೇ ಪಂಕ್ತಿಯವರು ಎಂದುಕೊಂಡಾಗಲೆಲ್ಲ ನನಗೆ ಖುಷಿ.

ಎಷ್ಟು ದೊಡ್ಡ ಮೀನು ಎನ್ನುತ್ತೀರಾ? 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡಿನದು, ಅಂದರೆ ಸುಮಾರು 54 ಕಿಲೋ. ಹುಲಿ, ಚಿರತೆಗಳ ಚರ್ಮವನ್ನು ಕಾಗದದ ಮುದ್ದೆಯಿಂದ ಮಾಡಿದ ಅಚ್ಚಿಗೆ ಹೊದಿಸಿ ಜೀವಂತವೆನ್ನಿಸುವಂತೆ ನಿಲ್ಲಿಸುವುದರಲ್ಲಿ ಹೆಸರಾದ ಮನೆತನ ಅದು.

ಗಾಳವೇ ಇಲ್ಲದ ಮೀನುತಾಣಗಳೂ ಉಂಟು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿಗೆ, ಶಿಶಿಲದಲ್ಲಿ ಕಪಿಲೆಯ ದಡಕ್ಕೆ ಹೋಗಿ ಒಂದು ಹಿಡಿ ಮಂಡಕ್ಕಿ ಚೆಲ್ಲಿದರೆ ನೀರೇ ಕಪ್ಪಗೆ ಮಗುಚಿಕೊಳ್ಳುತ್ತದೆ. ಅವು ದೇವರ ಮೀನು. ಅಲ್ಲಿ ಕೂತ ಮಕ್ಕಳನ್ನು ಎಬ್ಬಿಸಿಕೊಂಡು ಬರುವುದು ತಾಯಂದಿರಿಗೆ ಸುಲಭವಲ್ಲ.

ಭೀಮೇಶ್ವರಿಯಲ್ಲೂ ಹಿಡಿದ ಮೀನನ್ನು ತೂಗಿ, ಮತ್ತೆ ಹೊಳೆಗೇ ಬಿಡುತ್ತಿದ್ದರು. ಹಿಂದೆ ಕದ್ದು ಬೇಟೆಯಾಡುತ್ತಿದ್ದ ಕೆಲವರಿಗೆ ಅಲ್ಲೇ ದಾರಿ ತೋರಿಸುವ ಕೆಲಸ ಸಿಕ್ಕಿ, ಹೊಳೆಗೆ ಅವರೇ ಕಾವಲಾದರು. ಆ ಕಾಡು ವನ್ಯಜೀವಿಧಾಮ; ಅದರೊಳಗಿನ ಮೋಜಿನ ಗಾಳ ಕಾನೂನಿನಿಂದಾಗಿ ನಿಂತು ವರ್ಷಗಳಾದವು. ಕಾನೂನಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ದಂಡೆಯಲ್ಲಿ ಹಗಲಿಡೀ ಕೂರುವ ಕಣ್ಣುಗಳು ಹೋದದ್ದು ನಷ್ಟವೇ. ಸುಮ್ಮನೆಗಾರರಷ್ಟು ಒಳ್ಳೆಯ ಕಾವಲುಗಾರರು ನದಿಗೆ ಬೇರೆ ಸಿಗುವುದಿಲ್ಲ.

ಬೆನ್ನು ಉಬ್ಬಿದ ಆ ದೊಡ್ಡ ಮಶೀರ್ ಇರುವುದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. ಜಗತ್ತಿನ ಇನ್ನಾವ ನೀರಿನಲ್ಲೂ ಇಲ್ಲ. ಟೋರ್ ರೇಮಾದೇವಿ ಎಂಬ ವೈಜ್ಞಾನಿಕ ಹೆಸರು ಅದರದೇ ಎಂದು ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಕೆಂಪುಪಟ್ಟಿಗೂ ಸೇರಿತು. ಅಣೆಕಟ್ಟು, ಮರಳುಗಣಿ, ನೀರಿಗೆ ತೋಟೆ ಎಸೆದು ಮರಿಯೆನ್ನದೆ ದೊಡ್ಡದೆನ್ನದೆ ಕೊಲ್ಲುವ ಆತುರ, ಎಲ್ಲವೂ ಸೇರಿ ಅದನ್ನು ಇಲ್ಲಿಗೆ ತಂದಿವೆ.

ಬಿಡುವಾದಾಗ ಒಮ್ಮೆ ಹೊಳೆದಂಡೆಗೆ ಹೋಗಿ ಕೂರಿ. ಗಾಳ ಬೇಡ, ಬುತ್ತಿ ಇದ್ದರೆ ಸಾಕು. ತೋಟೆಯ ಸದ್ದು ಕೇಳಿಸಿದರೆ ಮಾತ್ರ ಸುಮ್ಮನಿರಬೇಡಿ, ಅರಣ್ಯ ಇಲಾಖೆಯವರಿಗೆ ಕೂಡಲೇ ತಿಳಿಸಿ.